ದೀಪದ ಪಕ್ಕದ ಬಾಟಲಿ

ಉಚ್ಚೆಂಗಪ್ಪ ಪ್ಲಾಸ್ಟಿಕ್ ಟಬ್ಬಿನ ಎರಡೂ ಅಂಚು ಹಿಡಿದು ಎತ್ತಿದಾಗ ನೀರು ಅವನ ಪಂಚೆಯ ಮೇಲೆ ತುಳುಕಿತು. ಸತ್ತ ಮನೆಯಲ್ಲಿ ತುಂಬಿಟ್ಟ ನೀರನ್ನು ಚೆಲ್ಲಬೇಕು, ಅದು ಶಾಸ್ತ್ರ. ಕೊಡ, ಬಿಂದಿಗೆ, ಬಚ್ಚಲ ಹಂಡೆ ಎಲ್ಲವನ್ನೂ ಅವನು ಆಗಲೇ ಬೀದಿಗೆ ಬಗ್ಗಿಸಿದ್ದ. ಹರಿಹರದ ಈ ತಂಗಿಯ ಮನೆಯಲ್ಲಿ ಮೂವತ್ತು ವರ್ಷ ಒಂದು ಲೋಟ ನೀರು ಮುಟ್ಟದವನಿಗೆ, ಅದನ್ನು ಚೆಲ್ಲಲು ಮಾತ್ರ ಭಾನುವಳ್ಳಿಯಿಂದ ಮೊದಲ ಬಸ್ಸೇ ಸಿಕ್ಕಿತ್ತು.

"ಅಣ್ಣ, ಅದನ್ನ ಇಳಿಸು." ಗಂಡನ ಹೆಣದ ಪಕ್ಕ ಕೂತಿದ್ದ ಓಬಕ್ಕ ಎದ್ದೇ ಬಂದಿದ್ದಳು.

"ಬರೀ ನೀರು ಐತಲ್ಲ."

"ಬರೀ ನೀರಲ್ಲ. ಮರಿ ಅದಾವ."

ಅವನು ಬಗ್ಗಿ ನೋಡಿದ. ಬೆರಳಿನ ಉಗುರಿನಷ್ಟುದ್ದದ, ಗಾಜಿನಂಥ ಮೈಯ, ಕತ್ತಿನ ಎರಡೂ ಬದಿ ಪುಟ್ಟ ಗರಿ ಮೂಡಿದ ನಲವತ್ತು ಜೀವಗಳು ತಳದಲ್ಲಿ ಅಲ್ಲಾಡದೆ ಕೂತಿದ್ದವು. ದೂರದೇಶದ ಸಲಮಾಂಡರ್ ಮರಿಗಳು. ಈ ಮನೆಯಲ್ಲಿ ಅವಕ್ಕೆ ನೀರುಹಲ್ಲಿ ಎಂದು ಹೆಸರು. ಮೊನ್ನೆ ಮೊಟ್ಟೆಯೊಡೆದು ಬಂದಿದ್ದವು.

"ಹಲ್ಲಿಗೋಸ್ಕರ ಶಾಸ್ತ್ರ ಬಿಡಾಕ ಆಗ್ತೈತಾ? ಕಪ್ಪೆ ಜಂಬಯ್ಯ ಹೋದ, ಅವನ ಹುಚ್ಚಾಟನೂ ಹೋಗ್ಲಿ."

ಹೆಣದ ಸುತ್ತ ಕೂತವರಲ್ಲಿ ಒಂದಿಬ್ಬರು ಸೆರಗು, ಟವೆಲ್ಲು ಬಾಯಿಗೆ ಅಡ್ಡ ಹಿಡಿದರು. ಅಳುವುದಕ್ಕಲ್ಲ.

"ಮೊಟ್ಟ್ಯಾಗಿಂದ ಹೊಟ್ಟ್ಯಾಗ ಕಟ್ಕೊಂಡು ಬಂದ ಬುತ್ತಿ ಇವತ್ತಿಗೆ ಮುಗೀತೈತೆ," ಎಂದಳು ಓಬಕ್ಕ. "ಉಣ್ಣಾಕ ಹಾಕ್ಲಿಲ್ಲ ಅಂದ್ರ ಒಂದರ ಬಾಲ ಒಂದು ಕಡೀತಾವ."

"ಕಡ್ಕೊಳ್ಳಿ ಬಿಡು."

"ಆ ಕೆಲಸಕ್ಕ ಬಳಗ ಐತಲ್ಲಣ್ಣ. ಇವೂ ಯಾಕ?"

ಉಚ್ಚೆಂಗಪ್ಪ ಟಬ್ಬು ಇಳಿಸಿದ. ತಂಗಿ ಅವನಿಗೆ ಎದುರಾಡಿದ್ದು ಇದೇ ಮೊದಲು.

*

ಜಂಬಯ್ಯ ದಾವಣಗೆರೆಯ ಕಾಲೇಜೊಂದರ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಅಟೆಂಡರ್. ಕಪ್ಪೆ ಹಿಡಿದು ತಂದು, ಮೇಣದ ತಟ್ಟೆಯಲ್ಲಿ ಮಲಗಿಸಿ, ಹುಡುಗರು ಕೊಯ್ಯಲೆಂದು ಕೈಕಾಲಿಗೆ ಪಿನ್ನು ಚುಚ್ಚಿಕೊಡುವುದು ಅವನ ಕೆಲಸ. ಸಂಜೆ ಹರಿಹರದ ಬಸ್ಸಿಳಿದು ಎಷ್ಟು ಸೋಪು ಹಚ್ಚಿದರೂ ಆ ಕೈ ಯಾರಿಗೂ ಶುದ್ಧವಾಗಲಿಲ್ಲ, ಹೆಂಡತಿಗೂ. ಹಬ್ಬದ ದಿನ ಅವನು ಹೋಳಿಗೆ ಮುರಿದು ಬಾಯಿಗೆ ಹಿಡಿದರೆ ಓಬಕ್ಕ ಮುಖ ತಿರುಗಿಸಿ "ತಟ್ಟ್ಯಾಗ ಇಡ್ರಿ" ಎನ್ನುತ್ತಿದ್ದಳು. ಅವನು ಇಡುತ್ತಿದ್ದ.

ಮೂರು ವಾರದ ಹಿಂದೆ, ಬಣ್ಣದ ಮೀನು ಮಾರುವ ದಿಲ್ಷಾದ್ ಬೇಗಂ ಅಂಗಡಿಯಿಂದ ಮೊಟ್ಟೆಗಳನ್ನು ನೀರಿನ ಡಬ್ಬಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಅವು ಒಡೆಯುವ ಮೊದಲೇ ಊಟದ ತಯಾರಿ. ತಳ ಕತ್ತರಿಸಿದ ಸೋಡಾ ಬಾಟಲಿಯನ್ನು ತಲೆಕೆಳಗು ಮಾಡಿ, ಕಲ್ಲುಪ್ಪಿನ ನೀರು ಹುಯ್ದು, ರಾಗಿಹಿಟ್ಟಿನ ಬಣ್ಣದ ಒಂದು ಚಿಟಿಕೆ ಪುಡಿ ಉದುರಿಸಿ, ಮೀನಿನ ತೊಟ್ಟಿಯ ಪಂಪಿನ ನಳಿಕೆಯಿಂದ ಗಾಳಿ ಬಿಟ್ಟ. ಪುಡಿಯಲ್ಲ, ಸೀಗಡಿ ಜಾತಿಯ ಮೊಟ್ಟೆ. ಒಂದೂವರೆ ದಿನಕ್ಕೆ ಕಿತ್ತಳೆ ಬಣ್ಣದ ಚುಕ್ಕೆಗಳು ಓಡಾಡತೊಡಗಿದವು. ಗಾಳಿ ನಿಲ್ಲಿಸಿ ಬ್ಯಾಟರಿ ಹಿಡಿದರೆ ಎಲ್ಲವೂ ಬೆಳಕಿನತ್ತ ಬಂದು ಗುಂಪುಗೂಡುತ್ತಿದ್ದವು.

"ಸತ್ತದ್ದು ಈ ಮರಿಗಳ ಕಣ್ಣಿಗೆ ಕಾಣಂಗಿಲ್ಲ, ಓಬಿ. ಎದುರಿಗೆ ಮಿಸುಕಾಡಿದ್ರಷ್ಟೇ ಬಾಯಿ ಹಾಕ್ತಾವ."

"ಮನುಷ್ಯರೇ ವಾಸಿ. ಸತ್ತ ಮ್ಯಾಲಾದ್ರೂ ನೋಡ್ತಾರ," ಎಂದು ಅವಳು ಅಡುಗೆಮನೆಯಿಂದಲೇ ಚುಚ್ಚಿದ್ದಳು.

ಅವನು ನಕ್ಕಿದ್ದ. "ಇವಾದ್ರೂ ನನ್ನ ಕೈಯಿಂದ ತಿನ್ಲಿ."

ಮೊನ್ನೆ ಸಂಜೆ ಹೊಸ ಬಾಟಲಿ ಹೂಡಿದ. ನಿನ್ನೆ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಕುಸಿದವನು ಏಳಲಿಲ್ಲ.

*

ಹೊಳೆದಂಡೆಯ ಮಣ್ಣಿಗೆ ಹೆಣ ಹೊರಟಿತು. ಹೆಣವಿದ್ದ ಜಾಗ ಸಾರಿಸಿ, ನೆರೆಮನೆಯ ಕೆಂಚವ್ವ ದೀಪ ಹಚ್ಚಿದಳು. ಮಣ್ಣು ಮುಗಿಸಿದವರು ಮರಳಿ ಬಂದು ಆ ದೀಪ ನೋಡಿಯೇ ಮನೆಗೆ ಹೋಗಬೇಕು.

ಓಬಕ್ಕ ಬ್ಯಾಟರಿ ಹುಡುಕಿದಳು. ಸಿಗಲಿಲ್ಲ. ಉಚ್ಚೆಂಗಪ್ಪ ಅದನ್ನು ಜೇಬಿಗಿಳಿಸಿದ್ದ. ಅವನಿಗೆ ಹೇಸಿಗೆಯಿದ್ದದ್ದು ಭಾವನ ಕೈಯ ಮೇಲೆ, ಕೈಯಲ್ಲಿದ್ದ ವಸ್ತುವಿನ ಮೇಲಲ್ಲ. ಅವಳು ಗಾಳಿಯ ನಳಿಕೆ ಕಳಚಿ, ಬಾಟಲಿಯನ್ನೇ ತಂದು ಚೊಂಬಿನ ಬಾಯಿಗೆ ಕೂರಿಸಿ ದೀಪದ ಪಕ್ಕ ನಿಲ್ಲಿಸಿದಳು.

"ಇದ್ಯಾಕವ್ವ ಇಲ್ಲಿ?"

"ಜೀವ ಬೆಳಕಿಗೆ ಬರ್ಲಿ ಅಂತ, ಕೆಂಚವ್ವ."

ಕೆಂಚವ್ವ ಕಣ್ಣೊರೆಸಿಕೊಂಡು ಕೈಮುಗಿದಳು. ಓಬಕ್ಕ ತಿದ್ದಲಿಲ್ಲ.

ಗಂಡಸರು ಕಾಲು ತೊಳೆದು ಒಬ್ಬೊಬ್ಬರಾಗಿ ಒಳಬಂದರು. ದೀಪ ಮಿಣುಕುತ್ತಿತ್ತು, ಬಾಟಲಿಯ ಒಂದು ಮಗ್ಗುಲಿಗೆ ಕಿತ್ತಳೆ ಕೆನೆ ಕಟ್ಟಿತ್ತು.

"ಇದೇನು?" ಎಂದ ಉಚ್ಚೆಂಗಪ್ಪ ತಗ್ಗಿದ ದನಿಯಲ್ಲಿ.

"ತೀರ್ಥ ಇರಬೇಕು," ಎಂದಳು ಕೆಂಚವ್ವ.

ಅವನು ಬಗ್ಗಿ ಬಾಟಲಿಯನ್ನು ಮುಟ್ಟಿ, ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಉಳಿದವರೂ ಹಾಗೇ ಮಾಡಿದರು. ಬದುಕಿದ್ದಾಗ ಈ ಮನೆಯ ಹೊಸಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತಿದ್ದ ಮಂದಿ ಜಂಬಯ್ಯನ ಹುಳಗಳಿಗೆ ಸಾಲಾಗಿ ನಮಸ್ಕರಿಸಿ, ಚಪ್ಪಲಿ ಹುಡುಕಿಕೊಂಡು ಹೋದರು.

ಓಬಕ್ಕ ಆ ಕೆನೆಯನ್ನು ಹಳೆ ಸೀರೆಯ ತುಂಡಿನಲ್ಲಿ ಸೋಸಿ, ಸಿಹಿನೀರಲ್ಲಿ ಅದ್ದಿ ಉಪ್ಪು ಕಳೆದಳು. ಇಂಕ್ ಫಿಲ್ಲರಿಗೆ ಎಳೆದುಕೊಂಡು ಟಬ್ಬಿನ ಮುಂದೆ ಕೂತಳು. ಅವಳಿಗೆ ಬಳಗದ ಮೇಲೆ ಬಂದ ಸಿಟ್ಟಿಗಿಂತ ತನ್ನ ಬಗ್ಗೆ ಆದ ನಾಚಿಕೆ ದೊಡ್ಡದಾಗಿತ್ತು.

ಒಂದು ಹನಿ ಬಿಟ್ಟಳು. ಚುಕ್ಕೆಗಳು ಚದುರಿದವು. ಕಲ್ಲಿನಂತೆ ಕೂತಿದ್ದ ಮರಿಯೊಂದು ಗಬಕ್ಕನೆ ಬಾಯಿ ಹಾಕಿತು. ಇನ್ನೊಂದು ಫಿಲ್ಲರಿನ ತುದಿಗೇ ಬಂತು. ಯಾವುದೂ ತಟ್ಟೆ ಕೇಳಲಿಲ್ಲ.

ದೀಪದ ಎಣ್ಣೆ ಮುಗಿಯುವ ಹೊತ್ತಿಗೆ ನಲವತ್ತು ಗಾಜಿನ ಹೊಟ್ಟೆಗಳ ಒಳಗೆ ಒಂದೊಂದು ಕಿತ್ತಳೆ ಚುಕ್ಕೆ ಕಾಣುತ್ತಿತ್ತು.