ಗುಂಡಿ ಡಬ್ಬಿ, ಅಂಟಿನ ಪಾತ್ರೆ

ಡಾಕ್ಟರಮ್ಮ ಹೊಸ ರಿಪೋರ್ಟನ್ನು ಹಳೆಯದರ ಪಕ್ಕದಲ್ಲಿಟ್ಟು ಎರಡನ್ನೂ ನೋಡಿದರು. ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿದರು.

"ವರ್ಷದಿಂದ ಗೋಧಿ ತಿಂದಿಲ್ಲ ಅಂತೀರಿ."

"ತಿಂದಿಲ್ಲ."

"ನಿಮ್ಮ ರಕ್ತ ಬೇರೆ ಕತೆ ಹೇಳ್ತಿದೆಯಲ್ಲ. ಎಲ್ಲಿಂದಲೋ ದಿನಾ ಹೊಟ್ಟೆಗೆ ಹೋಗ್ತಾ ಇದೆ."

ಪಕ್ಕದ ಕುರ್ಚಿಯಲ್ಲಿದ್ದ ನನ್ನ ಹೆಂಡತಿ ಏನೂ ಹೇಳಲಿಲ್ಲ. ಅವಳು ದರ್ಜಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳ ಜೊತೆ ಹರಟೆ ಹೊಡೆಯುವವಳು. ಅಂಥವಳು ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ಮಾತಾಡಲಿಲ್ಲ, ಬಸ್ಸಿನಲ್ಲಿ ಮಾತಾಡಲಿಲ್ಲ. ಕಂಡಕ್ಟರ್ ಚಿಲ್ಲರೆ ಕೇಳಿದಾಗಲೂ ಸುಮ್ಮನೆ ಕೈ ಚಾಚಿದಳು.

ನಾನು ಮೌನವನ್ನು ಇಷ್ಟಪಡುವವನು. ತತ್ತ್ವಶಾಸ್ತ್ರ ಓದಿದವನು ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸಕ್ಕೆ ಯಾಕೆ ಸೇರಿದೆ ಎಂದು ಮಾವ ಈಗಲೂ ಕೇಳುತ್ತಾರೆ. ಅಲ್ಲಿ ಸದ್ದಿಲ್ಲ ಎಂಬುದೇ ಉತ್ತರ. ಅದನ್ನು ಅವರಿಗೆ ಹೇಳಿಲ್ಲ. ದಾರ ಕಾಗದವನ್ನು ಹಾದುಹೋಗುವಾಗಿನ ಮೌನ, ಹೆಂಡತಿ ಬಟ್ಟೆ ಕತ್ತರಿಸುವ ಮುಂಚೆ ಒಂದು ಗಳಿಗೆ ಉಸಿರು ಹಿಡಿಯುವ ಮೌನ, ಇವೆಲ್ಲ ನನಗೆ ಪರಿಚಿತ. ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ಕೂತಿದ್ದು ಅಂಥದ್ದಾಗಿರಲಿಲ್ಲ. ಅದಕ್ಕೂ ಒಂದು ಟಿಕೆಟ್ ತೆಗೆಯಬೇಕಿತ್ತು, ಅಷ್ಟು ಜಾಗ ಹಿಡಿದಿತ್ತು.

ಮನೆಯ ಬಾಗಿಲು ತೆಗೆಯುವಾಗ ಅವಳು ಕೇಳಿದಳು, "ರೀ, ತಿಂದಿದ್ರೆ ತಿಂದೆ ಅಂತ ಹೇಳ್ಬಿಡಿ. ಬೈಯಲ್ಲ."

"ತಿಂದಿಲ್ಲ."

"ಒಂದು ಬನ್ನು? ಅರ್ಧ? ನಿಮ್ಮ ಬೈಂಡಿಂಗ್ ಅಂಗಡಿ ಎದುರಿಗೇ ಬೇಕರಿ ಇದೆ. ನಾನಾಗಿದ್ರೆ ತಿಂದುಬಿಡ್ತಿದ್ದೆ."

"ಇಲ್ಲ ಅಂದೆನಲ್ಲ."

"ಸರಿ," ಎಂದಳು. ಆ 'ಸರಿ'ಯಲ್ಲಿ ನಂಬಿಕೆಯ ಒಂದೆಳೆಯೂ ಇರಲಿಲ್ಲ.

ಅವಳದು ತಪ್ಪು ಎನ್ನಲಾರೆ. ನನಗಿರುವುದು ಸೀಲಿಯಾಕ್ ಎಂಬ ಕಾಯಿಲೆ. ಗೋಧಿಯಲ್ಲಿ, ಬಾರ್ಲಿಯಲ್ಲಿ ಗ್ಲುಟೆನ್ ಎಂಬ ಒಂದು ವಸ್ತುವಿದೆ. ಅದು ಚೂರು ಒಳಗೆ ಹೋದರೂ ನನ್ನ ಕರುಳು ತನ್ನನ್ನು ತಾನೇ ಪರಚಿಕೊಳ್ಳುತ್ತದೆ. ಅದು ಗೊತ್ತಾದ ವಾರವೇ ಅವಳು ಅಡುಗೆಮನೆಯನ್ನು ತಲೆಕೆಳಗು ಮಾಡಿದ್ದಳು. ಮರದ ಸೌಟು, ಹಳೇ ಜರಡಿ, ಹೆಚ್ಚುಮಣೆ ಎಲ್ಲ ಹೊರಗೆ ಹೋದವು. ನನ್ನ ಬಾಣಲೆಗೆ, ಚಮಚಕ್ಕೆ, ಊಟದ ಡಬ್ಬಿಗೆ ಕೆಂಪು ಬಟ್ಟೆಯ ಚೂರು ಕಟ್ಟಿದಳು. ನಮ್ಮ ಅಡುಗೆಮನೆ ಯಾವುದೋ ಪಕ್ಷದ ಚುನಾವಣಾ ಕಚೇರಿಯಂತೆ ಕಾಣುತ್ತಿತ್ತು. ಸಾಸ್ ಬಾಟಲಿ, ಮಾತ್ರೆ, ಹಲ್ಲುಜ್ಜುವ ಪೇಸ್ಟ್, ಎಲ್ಲದರ ಮೇಲಿನ ಸಣ್ಣ ಅಕ್ಷರವನ್ನೂ ಕಸೂತಿಗೆಂದು ಇಟ್ಟುಕೊಂಡ ಭೂತಗನ್ನಡಿ ಹಿಡಿದು ಓದುತ್ತಿದ್ದಳು. ತಾನೂ ಬ್ರೆಡ್ಡು ಬಿಟ್ಟಳು. "ನಿಮ್ಮ ಮುಂದೆ ತಿಂದು ನಿಮ್ಮ ಕಣ್ಣು ನನ್ನ ಹೊಟ್ಟೆಗೆ ತಾಗೋದು ಬೇಡ," ಎಂದು ನಕ್ಕಿದ್ದಳು.

ಅಷ್ಟೆಲ್ಲ ಮಾಡಿದವಳಿಗೆ ಗಂಡ ಕದ್ದು ತಿನ್ನುತ್ತಿದ್ದಾನೆ ಅನ್ನಿಸಿದರೆ ಹೇಗಾಗಬೇಡ?

ನನ್ನಲ್ಲೂ ಒಂದು ಮಾತಿತ್ತು. ಕಂದು ಕೋಟಿನ ಗುಂಡಿ ಕಿತ್ತುಹೋದ ದಿನ, ಅವಳು ಮನೆಯಲ್ಲಿಲ್ಲದಾಗ, ಅವಳ ಗುಂಡಿ ಡಬ್ಬಿ ತೆರೆದಿದ್ದೆ. ಗುಂಡಿಗಳ ನಡುವೆ ಬಿಸ್ಕತ್ತಿನ ಪೊಟ್ಟಣವೊಂದು ಮಲಗಿತ್ತು. ಬಾಯಿ ತೆರೆದ ಪೊಟ್ಟಣ, ತಳದಲ್ಲಿ ಪುಡಿ. ನಾನು ಡಬ್ಬಿ ಮುಚ್ಚಿ, ಗುಂಡಿಯಿಲ್ಲದ ಕೋಟನ್ನೇ ಹಾಕಿಕೊಂಡು ಹೋದೆ. ಆ ಕೈಯಲ್ಲೇ ಅವಳು ನನಗೆ ಅನ್ನ ಬಡಿಸುತ್ತಾಳೆ, ಆ ಪುಡಿ ಎಲ್ಲೆಲ್ಲಿ ಉದುರುತ್ತದೋ ಎಂದು ಒಳಗೊಳಗೇ ಕೊರೆಯುತ್ತಿತ್ತು. ಇಷ್ಟು ಬಿಟ್ಟುಕೊಟ್ಟವಳನ್ನು ಒಂದು ಬಿಸ್ಕತ್ತಿಗಾಗಿ ಹೇಗೆ ಕೇಳಲಿ? ಕೇಳಲಿಲ್ಲ. ರಿಪೋರ್ಟ್ ಬಂದ ಸಂಜೆ ಊಟದ ಮೇಜಿನ ಆಚೆ ಅವಳು, ಈಚೆ ನಾನು, ಇಬ್ಬರೂ ಒಬ್ಬರ ಕೈಯನ್ನೊಬ್ಬರು ನೋಡುತ್ತ ಉಂಡೆವು.

ಮಾರನೇ ದಿನ ಬೆಳಿಗ್ಗೆ ನಾನು ಅಂಗಡಿಯಲ್ಲಿ ಪುಸ್ತಕ ಹೊಲಿಯುವ ಚೌಕಟ್ಟಿನ ಮುಂದೆ ಕೂತಿದ್ದೆ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಕಂಕುಳಲ್ಲಿ ಬಟ್ಟೆ ಕತ್ತರಿಸುವ ನಕ್ಷೆಗಳಿರುವ ಅವಳ ಹಳೆಯ ಕಟಿಂಗ್ ಪುಸ್ತಕ.

"ಬೆನ್ನು ಕಿತ್ಕೊಂಡು ಬಂದಿದೆ. ಕಟ್ಟಿಸ್ಕೊಂಡು ಹೋಗೋಣ ಅಂತ ಬಂದೆ," ಎಂದಳು. ಆ ಪುಸ್ತಕದ ಬೆನ್ನು ನಮ್ಮ ಮದುವೆಗೂ ಮುಂಚೆಯೇ ಕಿತ್ತುಹೋಗಿತ್ತು.

ನಮ್ಮ ಯಜಮಾನಮ್ಮ ಒಲೆಯ ಮುಂದಿನಿಂದ ತಿರುಗಿ ನೋಡಿದರು. ತಂದೆಯಿಂದ ಬಂದ ಬೈಂಡಿಂಗ್ ಅಂಗಡಿಯನ್ನು ಒಬ್ಬರೇ ನಡೆಸುವ, ಯಾರಿಗೂ ಸೊಪ್ಪು ಹಾಕದ ಹೆಂಗಸು. ದಿನಾ ಬೆಳಿಗ್ಗೆ ಹಿಂಬದಿಯ ಒಲೆಯ ಮೇಲೆ ಅಂಟನ್ನು ತಾವೇ ಕಾಯಿಸುತ್ತಾರೆ. ಹುಳು ಬರದಿರಲೆಂದು ಅದಕ್ಕೆ ಲವಂಗ ಹಾಕುತ್ತಾರೆ. ಅಂಗಡಿಯೆಲ್ಲ ಯಾರೋ ಸಿಹಿ ಮಾಡುತ್ತಿರುವಂತೆ ಘಮಘಮ.

"ಪುಸ್ತಕ ಕಟ್ಟಿಸೋಕೆ ಬಂದ್ಯೋ, ಗಂಡನ್ನ ಕಾಯೋಕೆ ಬಂದ್ಯೋ?" ಎಂದರು.

"ಎರಡಕ್ಕೂ, ಅಕ್ಕಾ."

"ಹಾಗಾದ್ರೆ ಆ ಸ್ಟೂಲ್ ಎಳ್ಕೋ. ಅಲ್ಲಿಂದ ಬೇಕರಿನೂ ಕಾಣುತ್ತೆ, ಇವನೂ ಕಾಣ್ತಾನೆ."

ಅವಳು ಕೂತಳು. ನನ್ನ ಕಿವಿ ಬಿಸಿಯಾಯಿತು. ಆದರೂ ಕೆಲಸ ಕೆಲಸವೇ. ನಾನು ಅವಳ ಪುಸ್ತಕವನ್ನು ಬಿಚ್ಚಿ, ಹಳೇ ದಾರ ತೆಗೆದು, ಹಾಳೆಗಳನ್ನು ಕಟ್ಟು ಕಟ್ಟಾಗಿ ಜೋಡಿಸತೊಡಗಿದೆ. ಎದುರಿನ ಬೇಕರಿಯಿಂದ ಬನ್ನುಗಳ ತಟ್ಟೆ ಹೊರಬಂತು. ಅವಳು ಬನ್ನನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಹಾಳೆ ನೋಡಿದೆ. ಬೇಕರಿಯವನು ಕೈಬೀಸಿದ. ನಾನೂ ಬೀಸಿದೆ.

"ಪರಿಚಯ ಚೆನ್ನಾಗಿದೆ," ಎಂದಳು.

"ಅವನ ಲೆಕ್ಕದ ಪುಸ್ತಕ ಕಟ್ಟಿಕೊಟ್ಟಿದ್ದೆ."

"ಅದಕ್ಕೆ ಅವನು ಏನು ಕೊಟ್ಟ?"

"ದುಡ್ಡು!" ಎಂದರು ಯಜಮಾನಮ್ಮ ಒಲೆಯ ಹತ್ತಿರದಿಂದ. "ಅದೂ ನನ್ನ ಕೈಗೆ. ಪಾಪ, ನಿನ್ನ ಗಂಡ ಇಲ್ಲಿ ಒಂದು ಕಡಲೆಬೀಜನೂ ತಿಂದಿಲ್ಲ ಕಣೆ. ನಾನೇ ತಿನ್ನು ತಿನ್ನು ಅಂತ ಬಲವಂತ ಮಾಡಿ ಸೋತಿದ್ದೀನಿ."

ಮಧ್ಯಾಹ್ನ ನಾನು ಕೆಂಪು ಚೂರು ಕಟ್ಟಿದ ಡಬ್ಬಿ ತೆಗೆದು ಅವಳೇ ಮಾಡಿದ ಅನ್ನ, ಪಲ್ಯ ಉಂಡೆ. ಹಾಲಿಲ್ಲದ ಚಹಾ ಕುಡಿದೆ. ಅವಳು ಒಂದೊಂದು ತುತ್ತನ್ನೂ ಲೆಕ್ಕಪರಿಶೋಧಕರ ಹಾಗೆ ನೋಡಿದಳು. ಊಟ ಮುಗಿಯುವ ಹೊತ್ತಿಗೆ ಅವಳ ಮುಖದಲ್ಲಿ ಏನೋ ಸಡಿಲವಾಗಿತ್ತು. ಜೊತೆಗೆ ದಿಗಿಲೂ ಸೇರಿಕೊಂಡಿತ್ತು. ಕಳ್ಳ ಸಿಗದಿದ್ದರೆ ಕಾಯಿಲೆ ಹಾಗೇ ಉಳಿಯುತ್ತದಲ್ಲ.

"ಹೊರಡ್ತೀನಿ. ಸಂಜೆ ಒಬ್ಬರು ಅಳತೆ ಕೊಡೋಕೆ ಬರ್ತಾರೆ," ಎಂದು ಎದ್ದಳು. ಹೊರಡುವ ಮುಂಚೆ ನನ್ನ ಕೈಯಿಂದ ಸೂಜಿ ಕಿತ್ತುಕೊಂಡಳು. "ಕೊಡಿ ಇಲ್ಲಿ. ಅಷ್ಟೊತ್ತಿಂದ ತಡಕಾಡ್ತಿದ್ದೀರಿ." ದಾರದ ತುದಿಯನ್ನು ತುಟಿಗೆ ತಾಗಿಸಿ, ಒದ್ದೆ ಮಾಡಿ, ಒಂದೇ ಸಲಕ್ಕೆ ಪೋಣಿಸಿ ಕೊಟ್ಟಳು.

ನಾನು ಅರ್ಧಕ್ಕೆ ಬಿಟ್ಟಿದ್ದ ಇನ್ನೊಂದು ಪುಸ್ತಕದ ಬೆನ್ನಿಗೆ ಬೆರಳಿನಿಂದ ಅಂಟು ಸವರಿ ಮುಗಿಸಿ, ಅವಳ ಪುಸ್ತಕದ ಹಾಳೆಗಳತ್ತ ತಿರುಗಿದೆ. ಹಾಳೆ ಮೇಲೇಳಲಿಲ್ಲ. ಬೆರಳನ್ನು ನಾಲಿಗೆಗೆ ತಾಗಿಸಿ ಹಾಳೆ ಎತ್ತಿದೆ. ಮತ್ತೊಂದು ಹಾಳೆ. ಮತ್ತೆ ನಾಲಿಗೆ.

"ರೀ."

ತಲೆಯೆತ್ತಿದೆ. ಅವಳು ನನ್ನ ಬೆರಳನ್ನೇ ನೋಡುತ್ತಿದ್ದಳು. ಅವಳ ತುಟಿಯ ಮೇಲೆ ಇನ್ನೂ ದಾರದ ಒಂದು ಎಳೆ ಅಂಟಿಕೊಂಡಿತ್ತು.

"ಈಗ ಏನು ಮಾಡಿದ್ರಿ?"

"ಹಾಳೆ ತಿರುಗಿಸಿದೆ."

"ಅದಕ್ಕೆ ಮುಂಚೆ?"

"ಅಂಟು ಹಚ್ಚಿದೆ."

ಅವಳು ನಿಧಾನವಾಗಿ ಒಲೆಯ ಕಡೆ ತಿರುಗಿದಳು. "ಅಕ್ಕಾ, ಈ ಅಂಟು ಯಾವುದರಿಂದ ಮಾಡ್ತೀರಿ?"

ಯಜಮಾನಮ್ಮನ ಎದೆ ಉಬ್ಬಿತು. "ಮೈದಾ ಕಣೆ! ಅಗ್ಗದ ಮಾಲು ನಾನು ಮುಟ್ಟಲ್ಲ. ಶುದ್ಧ ಮೈದಾ. ಬೇಕರಿಯವನು ತರಿಸೋ ಜಾಗದಿಂದಲೇ ನಾನೂ ತರಿಸೋದು."

ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ. ಇದು ನನ್ನ ಪರಿಚಯದ ಯಾವ ಮೌನವೂ ಅಲ್ಲ.

ಮೈದಾ ಎಂದರೆ ಗೋಧಿಯೇ ಎಂದು ನನಗೆ ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ. ಆ ಮೈದಾ ಮೂಟೆಗಳನ್ನು ಹೆಗಲ ಮೇಲೆ ಹೊತ್ತು ಒಳಗೆ ತಂದವನು ನಾನೇ. ಮದುವೆಯ ಮನೆಗಳಲ್ಲಿ ಸಾಸಿನ ಹನಿಗೂ ಹೆದರಿ ಕೈಕಟ್ಟಿ ಕೂತವನು ನಾನೇ. ಆದರೆ ಒಲೆಯಿಂದ ಇಳಿದು ನನ್ನ ಮೇಜಿಗೆ ಬರುವ ಹೊತ್ತಿಗೆ ಅದು ನನ್ನ ಪಾಲಿಗೆ ಹಿಟ್ಟಾಗಿ ಉಳಿಯುತ್ತಿರಲಿಲ್ಲ; ರಟ್ಟಿನಂತೆ, ದಾರದಂತೆ, ಕೆಲಸದ ಸಾಮಾನು. ಬೆರಳು ನಾಲಿಗೆಗೆ ಹೋಗುವುದಂತೂ ಉಸಿರಾಡಿದ ಹಾಗೆ. ಅದರ ಮೇಲೆ ಯಾರು ಕಣ್ಣಿಡುತ್ತಾರೆ?

ಮೊದಲು ನಕ್ಕವಳು ಹೆಂಡತಿ. ಸ್ಟೂಲಿನ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಅಯ್ಯೋ ದೇವರೇ! ನಾನು ಮನೇಲಿ ಜರಡಿ ಎಸೀತಿದ್ದೀನಿ, ಇವರು ಇಲ್ಲಿ ದಿನವಿಡೀ ಚಪ್ಪರಿಸ್ತಿದ್ದಾರೆ! ಲವಂಗ ಬೇರೆ ಹಾಕಿಸ್ಕೊಂಡು!"

ಯಜಮಾನಮ್ಮನಿಗೆ ವಿಷಯ ಬಿಡಿಸಿ ಹೇಳಿದಾಗ ಅವರು ನಗಲಿಲ್ಲ. ಪಾತ್ರೆಯನ್ನು ಎದೆಗೆ ಅವಚಿಕೊಂಡರು. "ನಮ್ಮಪ್ಪನ ಕಾಲದಿಂದ ಮೈದಾ. ಇದನ್ನ ಬಿಟ್ಟರೆ ಪುಸ್ತಕ ನಿಲ್ಲುತ್ತಾ?"

"ನಾನು ಕಾಲರಿಗೆ ಹಾಕೋ ಗಂಜಿ ಮೆಕ್ಕೆಜೋಳದ ಹಿಟ್ಟಿಂದು, ಅಕ್ಕಾ. ಕಾಲರ್ ನಿಲ್ಲುತ್ತಲ್ಲ?"

"ಕಾಲರ್ ಕತ್ತಲ್ಲಿ ಇರುತ್ತೆ. ಪುಸ್ತಕ ಓದೋರ ಕೈಯಲ್ಲಿ ಇರುತ್ತೆ."

"ನನ್ನ ಪುಸ್ತಕಕ್ಕೇ ಹಚ್ಚಿ ನೋಡಿ. ಕಿತ್ತು ಬಂದ್ರೆ ನನ್ನದು ತಾನೇ?"

ಅಳತೆ ಕೊಡಲು ಬರುವವರನ್ನು ಮರೆತು ಅವಳು ದಿನಸಿ ಅಂಗಡಿಗೆ ಓಡಿ, ಗೋಧಿ ಸೇರಿಲ್ಲ ಎಂದು ಬರೆದ ಮೆಕ್ಕೆಜೋಳದ ಹಿಟ್ಟಿನ ಪೊಟ್ಟಣ ತಂದಳು. ಬೇರೆ ಪಾತ್ರೆ, ಬೇರೆ ಬ್ರಷ್. ಮೊದಲ ಸಲ ಗಂಟು ಗಂಟಾಯಿತು. ಎರಡನೇ ಸಲ ನೀರಾಯಿತು. ಇಬ್ಬರೂ ಒಲೆಯ ಮುಂದೆ ನಿಂತು ಒಬ್ಬರ ಕೈಯಿಂದ ಒಬ್ಬರು ಸೌಟು ಕಸಿದುಕೊಳ್ಳುತ್ತಿದ್ದರು. ನಾನು ಬಾಯಿ, ಕೈ ತೊಳೆದುಕೊಂಡು ಮೂಲೆಯಲ್ಲಿ ನಿಂತಿದ್ದೆ. ಕೊನೆಗೆ ಯಜಮಾನಮ್ಮ ಬೆರಳ ತುದಿಯಲ್ಲಿ ಅಂಟನ್ನು ಹಿಗ್ಗಿಸಿ ನೋಡಿ, "ಹೂಂ. ಪರವಾಗಿಲ್ಲ," ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಕಟಿಂಗ್ ಪುಸ್ತಕ ಒತ್ತುಯಂತ್ರದಲ್ಲಿ ರಾತ್ರಿಯಿಡೀ ಇದ್ದು ಬೆಳಿಗ್ಗೆ ಗಟ್ಟಿಯಾಗಿ ಹೊರಬಂತು. ಯಜಮಾನಮ್ಮ ಅದರ ಒಂದೇ ಹಾಳೆ ಹಿಡಿದು ಇಡೀ ಪುಸ್ತಕವನ್ನು ಗಾಳಿಯಲ್ಲಿ ತೂಗಿಸಿದರು. ಬೀಳಲಿಲ್ಲ. ಉಳಿದ ಮೈದಾ ಬೇಕರಿಗೆ ಹೋಯಿತು. ಹಿಟ್ಟಿನ ಧೂಳೂ ಉಳಿಯದಂತೆ ನನ್ನ ಮೇಜು, ಚೌಕಟ್ಟು, ಕಪಾಟು ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಒರೆಸಲಾಯಿತು. ಹೆಂಡತಿ ಒಂದು ಮುಚ್ಚಳದಲ್ಲಿ ಒದ್ದೆ ಸ್ಪಂಜು ಇಟ್ಟುಕೊಟ್ಟಳು, ಬೆರಳು ಅದ್ದಲು. ಅಭ್ಯಾಸ ಎಲ್ಲಿ ಬಿಡುತ್ತದೆ? ಕೈ ಬಾಯಿಯ ಹತ್ತಿರ ಹೋದಾಗಲೆಲ್ಲ ಯಜಮಾನಮ್ಮನ ಅಡಿಕೋಲು ಮೇಜಿಗೆ ಬಡಿಯುತ್ತಿತ್ತು. "ನಾಲಿಗೆ ಒಳಗೆ!" ಗಿರಾಕಿಗಳು ಬೆಚ್ಚಿ ತಮ್ಮ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಕೆಲವು ತಿಂಗಳಾದ ಮೇಲೆ ಡಾಕ್ಟರಮ್ಮ ಮತ್ತೆ ಎರಡು ರಿಪೋರ್ಟುಗಳನ್ನು ಪಕ್ಕಪಕ್ಕ ಇಟ್ಟರು. ಈ ಸಲ ಕನ್ನಡಕ ತೆಗೆಯಲಿಲ್ಲ.

"ಚೆನ್ನಾಗಿ ಇಳಿದಿದೆ! ಏನು ಬಿಟ್ಟಿರಿ?"

"ಪುಸ್ತಕ ತಿನ್ನೋದು ಬಿಟ್ಟರು, ಡಾಕ್ಟ್ರೇ," ಎಂದಳು ಹೆಂಡತಿ. ಆಮೇಲೆ ಇಡೀ ಕತೆಯನ್ನು, ಯಜಮಾನಮ್ಮನ ದನಿ ಸಮೇತ, ಹೊರಗೆ ಕಾಯುತ್ತಿದ್ದ ರೋಗಿಗಳಿಗೂ ಕೇಳುವಂತೆ ಹೇಳಿದಳು.

ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಾಗಲೂ ಅವಳ ಮಾತು ನಿಂತಿರಲಿಲ್ಲ. ಒಮ್ಮೆಲೇ ದನಿ ತಗ್ಗಿಸಿ, "ರೀ, ನಾನು ನಿಮ್ಮನ್ನ ನಂಬಲಿಲ್ಲ," ಎಂದಳು. "ಬೇಜಾರು ಮಾಡ್ಕೊಂಡ್ರಾ?"

"ನಾನೂ ನಿನ್ನನ್ನ ನಂಬಿರಲಿಲ್ಲ."

"ನನ್ನನ್ನಾ? ನಾನೇನು ಮಾಡಿದೆ?"

"ಗುಂಡಿ ಡಬ್ಬಿ."

ಅವಳ ಮುಖ ಕೆಂಪಾಯಿತು. ಬಸ್ಸೊಂದು ಬಂದು ನಿಂತು ಹೋಯಿತು. ನಮ್ಮದೇ ಬಸ್ಸು.

"ಯಾವಾಗಿಂದ ಗೊತ್ತು?"

"ಕಂದು ಕೋಟಿನ ಗುಂಡಿ ಕಿತ್ತುಹೋದಾಗಿಂದ."

"ಅದಕ್ಕೇ ಚಳಿಗಾಲವೆಲ್ಲ ಎದೆ ತೆರ್ಕೊಂಡು ಓಡಾಡಿದ್ರಾ? ಕೇಳೋಕೇನಾಗಿತ್ತು?" ಎಂದು ನನ್ನ ತೋಳಿಗೆ ಗುದ್ದಿದಳು. "ನಾನು ಮಹಡಿ ಮೇಲೆ ಹೋಗಿ ತಿಂದು, ಸೋಪು ಹಾಕಿ ಕೈ ತೊಳ್ಕೊಂಡು, ಸೀರೆ ಕೊಡವಿ ಕೆಳಗೆ ಬರ್ತಿದ್ದೆ, ಗೊತ್ತಾ? ಕಳ್ಳಿ ಹಾಗೆ! ಒಂದು ಬಿಸ್ಕತ್ತಿಗೆ!"

ನಾನು ಎದ್ದು ಎದುರಿನ ಅಂಗಡಿಗೆ ಹೋಗಿ ಒಂದು ಬನ್ನು ತಂದೆ. ಕಾಗದದ ಚೀಲದ ಮೂಲೆಯನ್ನು ಎರಡು ಬೆರಳಲ್ಲಿ, ಸತ್ತ ಇಲಿಯನ್ನು ಹಿಡಿದ ಹಾಗೆ ಹಿಡಿದು, ಅವಳ ಮಡಿಲಲ್ಲಿ ಇಟ್ಟೆ. ಆಮೇಲೆ ಬೆಂಚಿನ ಇನ್ನೊಂದು ತುದಿಗೆ ಸರಿದು ಕೂತೆ.

ಅವಳು ತಿಂದಳು. ನನ್ನೆದುರಿಗೆ, ಹಗಲು ಬೆಳಕಿನಲ್ಲಿ, ಚೂರೂ ಬಿಡದೆ. ತಿನ್ನುವಷ್ಟು ಹೊತ್ತೂ ಅವಳ ಬಾಯಿಂದ ಒಂದು ಮಾತು ಬರಲಿಲ್ಲ. ಆ ಮೌನವನ್ನು ನಾನು ಕಿವಿಗೊಟ್ಟು ಕೇಳಿದೆ.

ಮುಗಿದ ಮೇಲೆ ಅವಳು ಸೆರಗು ಕೊಡವಿ, ನಿಲ್ದಾಣದ ನಲ್ಲಿಯ ಹತ್ತಿರ ಹೋಗಿ ಕೈ ಉಜ್ಜಿ ತೊಳೆದಳು; ಕೆನ್ನೆ ಉಬ್ಬಿಸಿ, ನನ್ನನ್ನೇ ನೋಡುತ್ತ, ಜೋರಾಗಿ ಬಾಯಿ ಮುಕ್ಕಳಿಸಿದಳು. ಇನ್ನೊಮ್ಮೆ. ಮತ್ತೂ ಒಮ್ಮೆ. ಆಮೇಲೆ ಬಂದು, ನಡುವೆ ಜಾಗ ಬಿಡದೆ, ನನಗೆ ಒತ್ತಿ ಕೂತಳು.