ಎಡಗಿವಿಯ ಪಾಲು

ದಡ್ ದಡಾ ದಡ್, ದಡ್ ದಡಾ ದಡ್ — ಯಂತ್ರದ ಹೊಟ್ಟೆಯೊಳಗೆ ಒದ್ದೆ ಹಾಸುಬಟ್ಟೆಗಳು ಮಗುಚಿ ಮಗುಚಿ ಬೀಳುತ್ತಿವೆ, ಇದು ಕೇಳಿದ ತಾಳವೇ, ಗೊಗ್ಗರಮ್ಮನ ಎರಡನೇ ಆಲ್ಬಮ್ಮಿನ ಮೊದಲ ಹಾಡು ಹೀಗೇ ಅಲ್ಲವೇ ಶುರುವಾಗುವುದು, ಅಲ್ಲ, ಅದರಲ್ಲಿ ಕೊನೆಯ ದಡ್ ಒಂದಿಷ್ಟು ತಡವಾಗಿ ಬೀಳುತ್ತದೆ, ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲಿ ನಿಂತವರ ಹಾಗೆ, ಈ ಯಂತ್ರಕ್ಕೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು, ಎಳೀರಿ ಆಂಟಿ, ಎಳೀರಿ, ಸುಕ್ಕು ಬಿತ್ತು, ಅಂತ ಹಾಸುಬಟ್ಟೆಯ ಆ ತುದಿಯಿಂದ ಹರಟೆ ಕೂಗುತ್ತಾಳೆ, ಹರಟೆ ಅಂದರೆ ಜೊತೆಯಲ್ಲಿ ಬಟ್ಟೆ ಮಡಿಸುವ ಹುಡುಗಿ, ಬಾಯಿ ಮುಚ್ಚಿದ್ದನ್ನು ಈ ಲಾಂಡ್ರಿಯಲ್ಲಿ ಯಾರೂ ಕಂಡಿಲ್ಲ, ಎಳೆದೆ ಕಣೇ, ಎಳೆದೇ ಇದ್ದೀನಿ, ನೀನು ಹತ್ತಿರ ಬಾ ಈಗ, ಇಬ್ಬರೂ ತುದಿ ಹಿಡಿದು ಒಬ್ಬರ ಕಡೆಗೊಬ್ಬರು ನಡೆಯಬೇಕು, ತುದಿಗೆ ತುದಿ ಸೇರಿಸಬೇಕು, ಮತ್ತೆ ಹಿಂದೆ ಸರಿಯಬೇಕು, ಇಷ್ಟು ಸಣ್ಣ ಲೆಕ್ಕಕ್ಕೆ ಈ ಹುಡುಗಿ ಪ್ರತಿ ಸಲ ಅರ್ಧ ಹೆಜ್ಜೆ ಮುಂದೆ, ತಾಳ ಇಲ್ಲದ ಕಾಲು, ಆಂಟಿ ಇವತ್ತು ಬರುತ್ತಲ್ಲ ನಿಮ್ಮ ಹಾಡು, ನಾಲ್ಕು ಗಂಟೆಗಂತೆ, ಬರುತ್ತೆ ಬರುತ್ತೆ, ಬಂದರೆ ಬಂತು, ಗೊಗ್ಗರಮ್ಮನ ಮಾತನ್ನು ನಂಬಿ ಕೆಟ್ಟದ್ದು ಸಾಲದೇ, ಗೊಗ್ಗರಮ್ಮ ಅನ್ನುವುದು ಈ ಆಂಟಿಯೂ ಅವಳ ತಮ್ಮನೂ ಸೇರಿ ಇಟ್ಟ ಹೆಸರು, ಗಂಟಲಲ್ಲಿ ಮರಳು ಕೂತ ಹಾಗೆ ಹಾಡುತ್ತಾಳೆಂದು, ಲೋಕದ ಬಾಯಲ್ಲಿ ಆಕೆಗೆ ಬೇರೆ ದೊಡ್ಡ ಹೆಸರಿದೆ, ಇರಲಿ, ದೊಡ್ಡ ಹೆಸರಿನವರಿಗೆ ಹೇಳಿದ ದಿನಕ್ಕೆ ಆಲ್ಬಮ್ಮು ಬಿಡುವ ಯೋಗ್ಯತೆ ಇರಬಾರದೇ, ಮೊದಲು ಬೇಸಿಗೆಗೆ ಅಂದರು, ಬೇಸಿಗೆ ಹೋಯಿತು, ಆಮೇಲೆ ಗಂಟಲು ಕೆಟ್ಟಿದೆ ಅಂದರು, ಕೆಟ್ಟ ಗಂಟಲೇ ತಾನೇ ಆಕೆಯ ಬಂಡವಾಳ, ಆಮೇಲೆ ಆಲ್ಬಮ್ಮಿನ ಮುಖಚಿತ್ರ ಸರಿಬಂದಿಲ್ಲ ಅಂದರು, ಚಿತ್ರವನ್ನು ಯಾರು ಕೇಳಿದರು, ಕಿವಿಗೆ ಕಣ್ಣಿದೆಯೇ, ಅದರ ನಡುವೆ ಟೀಸರ್ ಅಂತ ಒಂದು ಚೂರು ಬಿಟ್ಟರು, ಆಕಳಿಸಿ ಮುಗಿಸುವಷ್ಟರಲ್ಲಿ ಅದೂ ಮುಗಿದಿತ್ತು, ಮುಂದಿನ ತಿಂಗಳು ಸಿಡುಕಪ್ಪನದೂ ಬರುತ್ತದಂತೆ, ಆ ಪಿಯಾನೋ ಬಾರಿಸುವ ಮುದುಕ, ಸಭೆಯಲ್ಲಿ ಯಾರಾದರೂ ಸೀನಿದರೆ ಎದ್ದು ಹೋಗುವವನು, ವರ್ಷಗಟ್ಟಲೆ ಒಣಗಿಸಿ ಈಗ ಒಬ್ಬರ ಹಿಂದೆ ಒಬ್ಬರು ಮೈಮೇಲೆ ಬೀಳುತ್ತಾರೆ, ಇವರಿಗೆಲ್ಲ ಕೇಳುವವರ ಕಷ್ಟ ಏನು ಗೊತ್ತು, ಎಳೀರಿ ಆಂಟಿ.

ಈ ವಯಸ್ಸಲ್ಲಿ ನಿಮಗ್ಯಾಕೆ ಇದೆಲ್ಲ ಹುಚ್ಚು ಅಂತ ಲಾಂಡ್ರಿಯ ಮೇಸ್ತ್ರಿ ಕೇಳಿದ್ದ, ಇಸ್ತ್ರಿಯ ಬಿಸಿ ಹಬೆ ಮುಖಕ್ಕೆ ಹೊಡೆಯುತ್ತಿತ್ತು, ನೀವು ಹಾಕುವ ಶಿಳ್ಳೆಯನ್ನು ಯಾರಾದರೂ ಕೇಳಿದ್ದಾರೆಯೇ ಎನ್ನಬೇಕಿತ್ತು, ದಿನವೆಲ್ಲ ಒಂದೇ ಸ್ವರ, ಅದೂ ಅಪಸ್ವರ, ಹುಚ್ಚು ಅಂದರೆ ಹುಚ್ಚೇ, ಹುಚ್ಚು ಹಿಡಿಸಿದವನು ಅಪ್ಪ, ಯಾರೋ ಬಳಸಿ ಬಿಟ್ಟ ಟೇಪ್ ಪ್ಲೇಯರ್ ತಂದುಕೊಟ್ಟ, ಅದಕ್ಕೆ ಒಂದೇ ಒಂದು ಇಯರ್‌ಫೋನು, ಅಕ್ಕ ತಮ್ಮ ಕೂದಲು ಹಿಡಿದು ಎಳೆದಾಡಿದರು, ಅಮ್ಮ ಬಂದಳು, ವೈರಿನ ಎರಡು ಕವಲನ್ನೂ ಎರಡು ಕೈಯಲ್ಲಿ ಹಿಡಿದಳು, ಅಂಗಿ ಗುಂಡಿಯಷ್ಟಿದ್ದ ಎರಡು ಕರಿ ಗುಂಡಿಗಳು, ಇದು ನಿಂಗೆ, ಇದು ಅವನಿಗೆ, ಇನ್ನೊಂದು ಸಲ ಕಿತ್ತಾಡಿದರೆ ಎರಡನ್ನೂ ಒಲೆಗೆ ಹಾಕ್ತೀನಿ, ಅವತ್ತಿನಿಂದ ಬಲಗುಂಡಿ ಅವಳ ಬಲಗಿವಿಗೆ, ಎಡಗುಂಡಿ ಅವನ ಎಡಗಿವಿಗೆ, ಬೆಂಚಿನ ಎಡ ತುದಿ ಅವಳದು, ಬಲ ತುದಿ ಅವನದು, ಹೊಸ ಹಾಡು ಯಾವುದೇ ಬರಲಿ, ಮೊದಲ ಸಲ ಕೇಳುವುದು ಹೀಗೇ, ಜೊತೆಯಲ್ಲೇ, ಆಳಿಗೊಂದು ಕಿವಿ, ಹಾಡು ಮುಗಿದ ಮೇಲೆ ನಿನ್ನ ಕಡೆ ಏನು ಬಂತೋ ಅಂತ ಇವಳು, ನನ್ನ ಕಡೆ ಗಿಟಾರು, ಮಧ್ಯ ಒಂದು ಕಡೆ ಯಾರೋ ಕುರ್ಚಿ ಎಳೆದರು ಕಣೇ ಅಕ್ಕಾ, ಹೌದೇನೋ, ನನ್ನ ಕಡೆ ಗೊಗ್ಗರಮ್ಮ ಉಸಿರು ಎಳಕೊಂಡಿದ್ದೂ ಕೇಳಿಸ್ತು, ಅರ್ಧರ್ಧ ಹಾಡನ್ನು ಹೀಗೆ ಮಾತಿನಲ್ಲಿ ಹೊಲಿಯುತ್ತಿದ್ದರು, ಆಮೇಲೆಯೇ ಅದಲು ಬದಲು, ಆಮೇಲೆಯೇ ಒಬ್ಬೊಬ್ಬರೇ ಎರಡೂ ಕಿವಿಗೆ, ಮದುವೆಗಳಾದವು, ಅವನ ಮನೆ ಆ ಬೀದಿ, ಇವಳ ಮನೆ ಈ ಬೀದಿ, ಇವಳ ಗಂಡ ಬದುಕಿರುವವರೆಗೂ ನಗುತ್ತಿದ್ದ, ನಿಮ್ಮಿಬ್ಬರಿಗೂ ಸೇರಿ ಇರೋದು ಒಂದೇ ತಲೆ ಅಂತ, ಟೇಪು ಹೋಗಿ ಡಿಸ್ಕು ಬಂತು, ಡಿಸ್ಕು ಹೋಗಿ ಫೋನು ಬಂತು, ವೈರಿಲ್ಲದ್ದು ಬಂದಿದೆ ಆಂಟಿ ತಗೊಳ್ಳಿ ಅಂತ ಹರಟೆ, ವೈರಿಲ್ಲದ್ದು ಇಟ್ಟುಕೊಂಡು ಏನು ಮಾಡಲಿ, ಎಳೆದು ಕಿತ್ತುಕೊಳ್ಳುವುದು ಹೇಗೆ — ಕಿತ್ತುಕೊಂಡೇ ಬಿಟ್ಟಿದ್ದಳಲ್ಲ ಅವತ್ತು, ಗೊಗ್ಗರಮ್ಮನ ಹೋದ ಸಲದ ಆಲ್ಬಮ್ಮು ಬಂದ ದಿನ, ದಿನವೆಲ್ಲ ಕಿವಿಗೆ ಹತ್ತಿ ತುರುಕಿಕೊಂಡು ಬೀದಿ ದಾಟಿದ್ದಳು, ಯಾವ ಅಂಗಡಿಯವನಾದರೂ ಹಾಕಿಬಿಟ್ಟರೆ ಎಂದು, ಸಂಜೆ ಅವನು ಬಂದ, ಕೂತರು, ಗುಂಡಿ ಹಾಕಿಕೊಂಡರು, ಮೂರನೇ ಹಾಡು ಮುಗಿದಂತೆ ಆಗಿ ಎಲ್ಲ ನಿಂತುಹೋಯಿತು, ಬರೀ ನಿಶ್ಶಬ್ದ, ಮುಗಿಯಿತೆಂದು ಇವಳು ಬಾಯಿ ತೆರೆಯಬೇಕು, ಆ ನಿಶ್ಶಬ್ದದಲ್ಲಿ ಅವನ ಬೆರಳು ಮೊಣಕಾಲ ಮೇಲೆ ಟಕ್ ಅಂತ ಬಡಿಯಿತು, ಅದರ ಹಿಂದೆಯೇ ಹಾಡಿನಲ್ಲಿ ಡೋಲು ಬಿತ್ತು, ಮೊದಲು ಬೆರಳು, ಆಮೇಲೆ ಡೋಲು, ಬರುವ ಮೊದಲೇ ಬೆರಳಿಗೆ ಗೊತ್ತಿತ್ತು, ಕೇಳಿದೀಯ, ಅಂದಳು, ಅವನು ತಲೆ ತಗ್ಗಿಸಿದ, ಬಸ್ಸಲ್ಲಿ ಅಕ್ಕಾ, ಒಂದೇ ಸಲ, ಎರಡೂ ಕಿವೀಲಿ ಕೇಳ್ಬೇಕು ಅನ್ನಿಸ್ತು, ಎರಡೂ ಕಿವೀಲಿ! ಅಂದರೆ ಇಷ್ಟು ವರ್ಷ ಅವಳ ಪಾಲು ಅವನಿಗೆ ಅಡ್ಡವಾಗಿತ್ತೋ, ಕಿತ್ತಳು, ಅವನ ಕಿವಿಯಿಂದ ಎಡಗುಂಡಿ ಚಟ್ಟನೆ ಕಿತ್ತು ಬಂತು, ಅವಳ ಕೈಯಿಂದ ಜಾರಿ ವೈರಿನಲ್ಲಿ ತೂಗಾಡಿತು, ಒಳಗಿಂದ ಸೊಳ್ಳೆಯಷ್ಟು ಸಣ್ಣಗೆ ಗೊಗ್ಗರಮ್ಮ ಇನ್ನೂ ಹಾಡುತ್ತಲೇ ಇದ್ದಳು, ಯಾರಿಗೋ.

ಅವತ್ತಿನಿಂದ ಮಾತಿಲ್ಲ. ಒಂದು ಹಾಡು ಕೇಳಿದ್ದಕ್ಕಾ ಅಂತ ಊರೆಲ್ಲ ನಕ್ಕಿತು, ನಗಲಿ, ಬೇಕಾದ್ದನ್ನೆಲ್ಲ ಅವನ ಹೆಂಡತಿಯ ಮೂಲಕವೇ ಹೇಳಿ ಕಳಿಸುವುದು, ಆ ಹುಡುಗಿಗೂ ಸಾಕಾಗಿದೆ, ನಾನೇನು ಅಂಚೆಯವಳಾ ಅಕ್ಕಾ ಅಂತ, ಆದರೂ ಇವತ್ತು ಊಟದ ಹೊತ್ತಿಗೆ ಫೋನು ಮಾಡಿದ್ದಳು, ಡಬ್ಬಿ ತೆರೆದು ಒಂದು ತುತ್ತೂ ಬಾಯಿಗೆ ಹೋಗಿರಲಿಲ್ಲ, ಅಕ್ಕಾ, ಸಂಜೆ ಇವರು ನಿಮ್ಮನೆಗೆ ಬರ್ತಾರಂತೆ, ಬಾಗಿಲು ತೆಗೀತಾರಾ ಕೇಳು ಅಂದ್ರು, ಈ ಕಾಲಲ್ಲಿ ಅಷ್ಟು ಮೆಟ್ಟಿಲು ಹತ್ತಿ ಬಂದು ವಾಪಸ್ಸು ಹೋಗೋದಕ್ಕೆ ಆಗಲ್ಲ ಅಂದ್ರು, ಬರಲಿ, ಅಂದಳು ಇವಳು, ಬಂದರೆ ಬಾಗಿಲೇನು ಕಚ್ಚುತ್ತಾ, ಮತ್ತೆ ಅಕ್ಕಾ, ಜೋರಾಗಿ ಬಡಿದರೆ ಬೈಬೇಡಿ, ತಾನು ಬಡಿದಿದ್ದು ತನಗೇ ಸರಿಯಾಗಿ ಕೇಳಲ್ಲ, ಎಡಗಿವಿ ಪೂರ್ತಿ ಹೋಯ್ತಲ್ಲ, ಯಾರದು, ಇವರದೇ ಅಕ್ಕಾ, ಯಾವಾಗ, ಅಯ್ಯೋ, ನಿಮಗೆ ಹೇಳಿಲ್ವಾ, ಆ ಹಾಡು ಬಂತಲ್ಲ ಆ ವಾರಾನೇ ಡಾಕ್ಟರು ಹೇಳಿದ್ದು, ನರ ಸೋತಿದೆ, ಉಳಿಯಲ್ಲ, ನಿಧಾನಕ್ಕೆ ಹೋಗಿಬಿಡುತ್ತೆ ಅಂತ, ನಿಮಗೆ ಹೇಳಿರ್ತಾರೆ ಅಂದ್ಕೊಂಡೆ ನಾನು, ಹೇಳಿರ್ತಾರೆ! ಯಾವ ಬಾಯಲ್ಲಿ ಹೇಳುತ್ತಾನೆ, ಹೇಳಬಾರದೇ ಕತ್ತೆ, ಅಕ್ಕಾ ನನ್ನ ಕಿವಿ ಹೋಗ್ತಿದೆ, ಇರುವಾಗಲೇ ಒಂದು ಸಲ ಎರಡರಲ್ಲೂ ಕೇಳಿಬಿಡ್ತೀನಿ ಅಂದಿದ್ದರೆ ಬೇಡ ಅನ್ನುತ್ತಿದ್ದಳೇ, ಎರಡು ಗುಂಡಿಯನ್ನೂ ತಾನೇ ಅವನ ಕಿವಿಗೆ ಇಟ್ಟು ಎದುರು ಕೂತು ಅವನ ಮುಖ ನೋಡುತ್ತಿದ್ದಳಲ್ಲ, ಚಿಕ್ಕಂದಿನಿಂದ ಇದೇ, ಕಾಲಿಗೆ ಮೊಳೆ ಚುಚ್ಚಿದರೂ ಹೇಳದೆ ಕುಂಟಿಕೊಂಡು ಓಡಾಡಿದವನು, ಈಗಲೂ ಆ ಕಾಲು ನೆಟ್ಟಗಿಲ್ಲ, ಅನುಭವಿಸಲಿ, ಅಲ್ಲ, ಅನುಭವಿಸಿದ್ದು ಸಾಕು, ಛೇ, ಇವಳಾದರೂ ಕೇಳಬಾರದಿತ್ತೇ, ಯಾಕೋ ಎರಡೂ ಕಿವೀಲಿ ಅಂತ ಒಂದು ಮಾತು, ಕಿತ್ತುಕೊಂಡಳು, ಅಷ್ಟೇ, ಅದೂ ಅದೇ ಕಿವಿಯಿಂದ, ತೂಗಾಡಿತು, ಡಬ್ಬಿ ಮುಚ್ಚಿದಳು.

ಆಂಟಿ ಗಂಟೆ ಎಷ್ಟು ನೋಡಿ, ನೋಡೀ, ಅಂತ ಹರಟೆ ಹಾಸುಬಟ್ಟೆಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಕೈಯಲ್ಲಿ ಫೋನು ತೆಗೆದಳು, ಬಂತು ಆಂಟಿ, ನಿಮ್ಮ ಗೊಗ್ಗರಮ್ಮ ಬಂದ್ಲು, ಇರಿ, ದೊಡ್ಡದಾಗಿ ಹಾಕ್ತೀನಿ, ಎಲ್ಲಾರೂ ಕೇಳಲಿ, ಬೇಡ ಕಣೇ, ಬೇಡ, ಸಂಕೋಚ ಯಾಕೆ ಆಂಟಿ, ನನಗೂ ಇಷ್ಟಾನೇ, ಲೇ ಹುಡುಗೀ ಬೇಡ ಅಂದೆ, ಅಷ್ಟರಲ್ಲಿ ಅವಳ ಹೆಬ್ಬೆರಳು ಒತ್ತಿಯೇ ಬಿಟ್ಟಿತು, ಇವಳ ಎರಡು ಕೈಯೂ ಕಿವಿಗೆ ಹೋದವು, ಕೈಯಲ್ಲಿದ್ದ ಹಾಸುಬಟ್ಟೆ ನೆಲಕ್ಕೆ ಹೋಯಿತು, ಒದ್ದೆ ನೆಲ, ಒಗೆದು ಒಣಗಿಸಿ ಇಸ್ತ್ರಿ ಮಾಡಿದ್ದು, ಲಾಲಲಾ ಲಾಲಲಾ ಅಂತ ತಾನೇ ಗಟ್ಟಿಯಾಗಿ ಒದರತೊಡಗಿದಳು, ಗೊಗ್ಗರಮ್ಮನ ಒಂದು ಉಸಿರೂ ಒಳಗೆ ಬರಬಾರದು, ಲಾಲಲಾ, ಆರಿಸೇ, ಆರಿಸು, ಲಾಲಲಾ, ಮೇಸ್ತ್ರಿ ಓಡಿ ಬಂದ, ಏನಾಯ್ತು, ಕೈ ಸುಟ್ಟುಕೊಂಡ್ರಾ, ಇಲ್ಲ ಸಾರ್, ಹಾಡು ಬೇಕು ಬೇಕು ಅಂತಿದ್ರು, ಹಾಕಿದ್ರೆ ಹಿಂಗಾಡ್ತಾರೆ, ಹಾಡು ಆರಿಸಿದ ಹರಟೆಯ ಕಣ್ಣಲ್ಲಿ ನೀರೇ ಬಂದಿತ್ತು ಪಾಪ, ಅವಳಿಗೆ ಹೇಗೆ ಬಿಡಿಸಿ ಹೇಳುವುದು, ಅರ್ಧ ಇನ್ನೊಬ್ಬನದು ಕಣೇ, ಅವನು ಬರದೆ ನನ್ನರ್ಧ ನನಗೂ ಬೇಡ, ಹೇಳಿದರೆ ಈ ಲಾಂಡ್ರಿಯವರು ಹಬೆಯ ಪೆಟ್ಟಿಗೆಯೊಳಗೆ ಕೂರಿಸಿ ಡಾಕ್ಟರನ್ನು ಕರೆಸುತ್ತಾರೆ, ಆ ಒಂದನ್ನು ಮತ್ತೆ ಒಗೀರಿ, ಅಂತ ಮೇಸ್ತ್ರಿ, ಒಗೀತೀನಿ ಬಿಡಿ, ಒಗೆಯುವುದಕ್ಕೆ ತಾನೇ ಹುಟ್ಟಿರೋದು, ಬಾಗಿ ಎತ್ತಿಕೊಂಡಳು, ಹರಟೆಯ ಜೇಬಿನಿಂದ ಇಯರ್‌ಫೋನಿನ ವೈರು ಇಳಿಬಿದ್ದಿತ್ತು, ತುದಿಯಲ್ಲಿ ಬಿಳೀ ಗುಂಡಿ ತೂಗುತ್ತಿತ್ತು, ನೋಡಬಾರದೆಂದರೂ ನೋಡಿದಳು.

ಮನೆಗೆ ಬಂದು ಕೈಕಾಲು ತೊಳೆದು ಬೆಂಚಿನ ಮೇಲೆ ಕೂತಳು, ಎಡ ತುದಿ, ಅವಳ ಜಾಗ, ಫೋನಿಗೆ ವೈರು ಸಿಕ್ಕಿಸಿದಳು, ವೈರು ಹಳೆಯದಾಗಿ ಕವಲಿನ ಹತ್ತಿರ ದಾರ ಸುತ್ತಿದೆ, ಆಲ್ಬಮ್ಮು ತೆರೆದು ಕೂತಿದೆ, ಒತ್ತುವುದೊಂದೇ ಬಾಕಿ, ಬಲಗುಂಡಿ ಕೈಗೆ ಬಂತು, ಕೈ ತಾನಾಗಿ ಬಲಗಿವಿಗೆ ಹೋಯಿತು, ಎಡಗುಂಡಿ ಎದೆಯ ಮೇಲೆ ತೂಗಾಡಿತು, ಅವನ ಪಾಲಿನದು, ಬಂದು ಪಕ್ಕದಲ್ಲಿ ಕೂತು ಅದನ್ನು ಎತ್ತಿಕೊಂಡು ಸತ್ತ ಕಿವಿಗೆ ಇಟ್ಟುಕೊಳ್ಳುತ್ತಾನೆ, ಹೌದು, ಇಟ್ಟುಕೊಂಡೇ ಇಟ್ಟುಕೊಳ್ಳುತ್ತಾನೆ, ಆ ಕತ್ತೆಯನ್ನು ಅವಳಿಗೆ ಗೊತ್ತಿಲ್ಲವೇ, ಕಲ್ಲಿನ ಹಾಗೆ ಕೂತು ಹಾಡು ಮುಗಿಯುವುದನ್ನು ಕಾಯುತ್ತಾನೆ, ನಿನ್ನ ಕಡೆ ಏನು ಬಂತೋ ಅಂದರೆ ಗಿಟಾರು ಅಕ್ಕಾ ಅಂತ ಸುಳ್ಳು ಹೇಳುತ್ತಾನೆ, ಥೂ, ಎದ್ದಳು, ಗುಂಡಿ ಕಿವಿಯಿಂದ ತೆಗೆದಳು, ಬೆಂಚಿನ ಬಲ ತುದಿಗೆ ಹೋಗಿ ಕೂತಳು, ಇಲ್ಲಿ ಹಲಗೆ ಬೇರೆ ಥರ, ನಡುವೆ ತಗ್ಗು, ಅವನು ಕೂತು ಕೂತು ಆದದ್ದು, ಕಿಟಕಿಯೂ ಬೇರೆ ಕಾಣಿಸುತ್ತದೆ, ಎದುರು ಮನೆಗೆ ನೀರಿನ ತೊಟ್ಟಿ ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ, ಎಡಗುಂಡಿಯನ್ನು ಎಡಗಿವಿಗೆ ಇಟ್ಟುಕೊಂಡಳು, ಕಚ್ಚಿತು, ಹೊಸ ಚಪ್ಪಲಿ ಕಚ್ಚುವ ಹಾಗೆ, ಇನ್ನು ಗಿಟಾರು ಇವಳಿಗೆ, ಕುರ್ಚಿ ಎಳೆದದ್ದು ಇವಳಿಗೆ, ಗೊಗ್ಗರಮ್ಮನ ಉಸಿರು ಅವನ ಉಳಿದ ಬಲಗಿವಿಗೆ, ಕೇಳಿಸಿಕೊಂಡು ಹೇಳಲಿ, ಹೇಳದೆ ಎಲ್ಲಿಗೆ ಹೋಗುತ್ತಾನೆ, ಮೊದಲು ಬೈಯಬೇಕು, ಹೊಟ್ಟೆ ತುಂಬ ಬೈದು ಆಮೇಲೆ ಹಾಡು, ಅಲ್ಲ, ಮೊದಲು ಹಾಡು, ಬೈಗುಳ ಎಲ್ಲಿಗೂ ಓಡಿಹೋಗುವುದಿಲ್ಲ, ಬಾಗಿಲು — ಎದ್ದು ಹೋಗಿ ಬಾಗಿಲು ಪೂರಾ ತೆರೆದು, ಹೊಡೆದುಕೊಳ್ಳದಂತೆ ಅದಕ್ಕೆ ಚಪ್ಪಲಿ ಒತ್ತಿಟ್ಟು ಬಂದಳು, ಬಡಿಯುವ ಕೆಲಸವೇ ಬೇಡ, ಬರುವುದಾದರೆ ಬಾ, ಇಷ್ಟು ಹೊತ್ತು ಏನು ಮಾಡುತ್ತಿದ್ದಾನೆ, ಗೊಗ್ಗರಮ್ಮನಿಗೆ ಸರಿಯಾದ ಜೋಡಿ, ಹೇಳಿದ ಹೊತ್ತಿಗೆ ಇಬ್ಬರೂ ಬರುವವರಲ್ಲ, ಹೆಬ್ಬೆರಳು ಫೋನಿನ ಮೇಲೆ ನಿಂತು ನಿಂತು ಜೋಮು ಹಿಡಿಯಿತು, ಕೆಳಗೆ ಮೆಟ್ಟಿಲಲ್ಲಿ ಸದ್ದು, ಕುಂಟುಗಾಲು, ದಡ್ ದಡಾ ದಡ್, ದಡ್ ದಡಾ ದಡ್, ಹತ್ತಿರ, ಇನ್ನೂ ಹತ್ತಿರ, ದಡ್ ದಡಾ — ಕೊನೆಯದು ಬೀಳಲಿಲ್ಲ, ಬಾಗಿಲಿಗೆ ನೆರಳು ಬಂದು ನಿಂತಿದೆ, ಅವಳು ತಲೆ ಎತ್ತಲಿಲ್ಲ, ಈಗ ಅವಳ ಬಲಗಡೆಯಲ್ಲ, ಎಡಗಡೆ ಖಾಲಿ ಹಲಗೆ, ಅದರ ಕಡೆಗೆ ಚಾಚಿದ ಕೈ, ಕೈಯಿಂದ ಇಳಿಬಿದ್ದ ವೈರು, ವೈರಿನ ತುದಿಯಲ್ಲಿ ಬಲಗುಂಡಿ, ತೂಗುತ್ತಿದೆ, ತೂಗುತ್ತಿದೆ