ಬಸರಿಗೆ ಹಿಡಿದ ಕೊಡೆ

ಏಕನಾಥಮ್ಮ ಟೀಚರು ಬೇಸಿಗೆಯುದ್ದಕ್ಕೂ ಕೊಡೆ ಹಿಡಿದೇ ನಡೆಯುತ್ತಿದ್ದರು. ಆದರೆ ಆ ಕೊಡೆಯ ನೆರಳು ಅವರ ತಲೆಯ ಮೇಲೆ ಬಿದ್ದದ್ದನ್ನು ಚಿತ್ರದುರ್ಗದ ಕೋಟೆ ಕೆಳಗಿನ ನಮ್ಮ ಬೀದಿಯಲ್ಲಿ ಕಂಡವರಿಲ್ಲ. ಎಡಸೊಂಟದ ಮೇಲೆ ಕೂಸಿನಂತೆ ಕೂತ ಮಣ್ಣಿನ ಕುಂಡ, ಕುಂಡದಲ್ಲಿ ಗೇಣೆತ್ತರದ ಬಸರಿ ಮರ, ಮರದ ಮೇಲೆ ಕೊಡೆ. ಟೀಚರ ನೆತ್ತಿಗೆ ಮಾತ್ರ ವೈಶಾಖದ ರಣಬಿಸಿಲು. ಅವರೂ ಗಿಡ್ಡ, ಮರವೂ ಗಿಡ್ಡ. ಸೂರ್ಯನ ಮೇಲೆ ಜಗಳಕ್ಕೆ ಹೊರಟವರಂತೆ ಚಪ್ಪಲಿ ಪಟಪಟಿಸುತ್ತ ಸಾಗುವ ನಡಿಗೆ. ಅವರ ತಗಡಿನ ಮನೆ ಹೊತ್ತೇರುವ ಮುನ್ನವೇ ಕಾದ ಹೆಂಚಾಗುತ್ತಿದ್ದುದರಿಂದ, ಆ ಮರವನ್ನು ರಜೆಯಲ್ಲೂ ಬೆಳಿಗ್ಗೆ ಶಾಲೆಯ ಕಲ್ಲಿನ ಪಡಸಾಲೆಗೆ ಹೊತ್ತು ಸಂಜೆ ಮರಳಿ ತರುವುದು ಅವರ ವ್ರತವಾಗಿತ್ತು.

ಹಿರೇಗುಂಟನೂರಿನ ಕುರಿಗಾಹಿ ಜುಂಜಯ್ಯನ ಮಗಳು ಅವರು. ಊರ ಹೊರಗಿನ ಬಂಡೆಯ ಸೀಳಿನಲ್ಲಿ ಹುಟ್ಟಿದ್ದ ಆ ಬಸರಿ ಚಿಗುರಿದಾಗಲೆಲ್ಲ ಜುಂಜಯ್ಯನ ಆಡುಗಳು ಮೇಯ್ದು, ಮೇಯ್ದು, ಬೊಡ್ಡೆ ಮುದುಕನ ಮಣಿಕಟ್ಟಿನಂತೆ ಗಂಟುಗಟ್ಟಿದರೂ ಎತ್ತರ ಗೇಣು ದಾಟಿರಲಿಲ್ಲ. ಮಗಳಿಗೆ ನೌಕರಿಯಾದಾಗ ಅಪ್ಪ ಅದನ್ನು ಬೇರುಸಮೇತ ಎಬ್ಬಿಸಿ ತಂದು ಕೈಗಿತ್ತ. ಡ್ರಾಯಿಂಗ್ ಮೇಷ್ಟ್ರು ಗೋವಿಂದಪ್ಪ ಇದಕ್ಕೆ ಬೋನ್ಸಾಯ್ ಎನ್ನುತ್ತಾರೆ, ಮರವನ್ನು ಕತ್ತರಿಸಿ ಕತ್ತರಿಸಿ ಗಿಡ್ಡವಾಗಿಡುವ ಜಪಾನಿನವರ ವಿದ್ಯೆ ಎಂದು ವಿವರಿಸಲು ಹೋದರೆ, "ಅವರದು ಕತ್ತರಿ ಇರಬೋದು ಮೇಷ್ಟ್ರೇ, ಇದಕ್ಕೆ ಬಾಯಿ ಹಾಕಿದ್ದು ನಮ್ಮಪ್ಪನ ಆಡು" ಎಂದುಬಿಟ್ಟರು. ಪಾಪ, ನೆಲಕ್ಕೆ ನೆಟ್ಟಿದ್ದರೆ ಬೆಳೆಯುತ್ತಿತ್ತು ಎಂದು ಯಾರಾದರೂ ಮರುಗಿದರೆ ಅವರಿಗೆ ಉರಿದೇಳುತ್ತಿತ್ತು. "ಬೆಳೆದಿಲ್ಲ ಅಂದೋರು ಯಾರು? ನನಗಿಂತ ವಯಸ್ಸಾಗೈತೆ ಅದಕ್ಕೆ." ಉರಿಯದೆ ಏನು? ಹೆಣ್ಣು ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹುಡುಗಿಯ ಎತ್ತರ ನೋಡಿ ಟವೆಲ್ಲು ಕೊಡವಿ ಎದ್ದು ಹೋಗಿದ್ದ ಮನೆ ಅವರದು. ಆಮೇಲೆ ಏಕನಾಥಮ್ಮನೇ ಇನ್ನು ಯಾರೂ ಬರುವುದು ಬೇಡವೆಂದು ಹೇಳಿ ಕಳಿಸಿದ್ದರು.

ಎಂಬತ್ತರ ದಶಕದ ಒಂದು ಕೆಟ್ಟ ಬೇಸಿಗೆಯಲ್ಲಿ ನಲ್ಲಿಗಳು ಬತ್ತಿ, ಟ್ಯಾಂಕರಿನಿಂದ ಮನೆಗೊಂದು ಕೊಡದ ಲೆಕ್ಕದಲ್ಲಿ ನೀರು ಹಂಚುವಂತಾಯಿತು. ಟೀಚರಿಗೂ ಒಂದೇ ಕೊಡ, ಅದರಲ್ಲಿ ಮೊದಲ ಚೆಂಬು ಬಸರಿಗೆ. ಪಕ್ಕದ ಮನೆಯ ಪಾರ್ವತಮ್ಮನಿಗೆ ಮನೆ ತುಂಬ ಮಕ್ಕಳು; ಆಕೆಯ ಹೊಟ್ಟೆ ಉರಿದದ್ದರಲ್ಲೂ ನ್ಯಾಯವಿತ್ತು. "ಮನುಷ್ಯರ ಗಂಟ್ಲು ಒಣಗ್ತೈತೆ, ನೀವು ಕಟ್ಟಿಗೆಗೆ ಹುಯ್ತೀರಲ್ಲ ಟೀಚರಮ್ಮ" ಎಂದು ಸಾಲಿನಲ್ಲೇ ಕೇಳಿದಳು.

"ನನ್ನ ಪಾಲಿಂದು ಕುಡೀತೀನೋ, ಹುಯ್ತೀನೋ. ನಿನ್ನ ಕೊಡಕ್ಕೆ ಕೈ ಹಾಕೀನೇನವ್ವ?"

ಹಾಗೆಂದವರು ಆ ಬೇಸಿಗೆಯಲ್ಲಿ ತಲೆಸ್ನಾನವನ್ನೇ ಬಿಟ್ಟರು. ಮುಖ ತೊಳೆದ ನೀರು, ಅಕ್ಕಿ ತೊಳೆದ ನೀರು, ಎಲ್ಲವೂ ಕುಂಡಕ್ಕೇ ಹೋಗುತ್ತಿತ್ತು.

ಇಷ್ಟು ಕಾಪಾಡಿದವರು ಒಂದು ದಿನ ತಾವೇ ಅನಾಹುತ ಮಾಡಿಕೊಂಡರು. ಪರೀಕ್ಷೆಯ ಪೇಪರು ತಿದ್ದಲು ಸಿರಿಗೆರೆಗೆ ಹೋಗಬೇಕಾಗಿ ಬಂತು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಮರವನ್ನು ಒಯ್ಯುವುದು ಹೇಗೆ? ಕಾಯುವವರಿಲ್ಲದ ಪಡಸಾಲೆಯಲ್ಲಿ ಬಿಟ್ಟರೆ ಬೀದಿಯ ಆಡುಗಳು ಬಿಟ್ಟಾವೆಯೇ? ಕುರಿಗಾಹಿಗಳ ಮನೆಯಲ್ಲಿ ಬಿಸಿಲಾಗಲಿ ಮಳೆಯಾಗಲಿ ಎಲ್ಲದಕ್ಕೂ ಕಂಬಳಿಯೇ ಮದ್ದು. ಅಪ್ಪ ಸತ್ತ ಮೇಲೆ ಉಳಿದಿದ್ದ ಕರಿಕಂಬಳಿಯನ್ನು ಕುಂಡದ ಸುತ್ತ, ಮರದ ತಲೆ ಮುಚ್ಚುವಂತೆ ಕೊಪ್ಪೆ ಹಾಕಿ, ಬಾಗಿಲಿಗೆ ಬೀಗ ಜಡಿದು ಹೋದರು. ಅಪ್ಪ ಆ ಕಂಬಳಿ ಹೊದ್ದು ನಡೆದದ್ದು ಗಾಳಿಯಾಡುವ ಬಯಲಿನಲ್ಲಿ ಎಂಬುದು ಹೊಳೆಯಲಿಲ್ಲ. ತಗಡಿನ ಕೆಳಗೆ, ಮುಚ್ಚಿದ ಮನೆಯಲ್ಲಿ ಬಸರಿ ಬೆಂದು ಹೋಯಿತು. ಸಂಜೆ ಬಂದು ಕಂಬಳಿ ತೆಗೆದರೆ ಎಲೆಯೆಲ್ಲ ಉದುರಿತ್ತು. ಅಪ್ಪನ ಕಂಬಳಿಯಿಂದಲೇ ಹೀಗಾಯಿತಲ್ಲ ಎಂದು ಅವರು ಹೊಸ್ತಿಲ ಮೇಲೆ ಕೂತು ಅತ್ತದ್ದನ್ನು ಪಾರ್ವತಮ್ಮ ಕಂಡಿದ್ದಳು.

ಮರುದಿನ ಬೆಳಿಗ್ಗೆ ಟೀಚರು ಯಥಾಪ್ರಕಾರ ಹೊರಟರು. ಸೊಂಟದ ಮೇಲೆ ಕುಂಡ, ಕುಂಡದಲ್ಲಿ ಬೋಳು ಕಡ್ಡಿ, ಕಡ್ಡಿಯ ಮೇಲೆ ಕೊಡೆ. ಬೀದಿಯೇ ನಕ್ಕಿತು, ಹೋಟೆಲಿನ ಬೆಂಚಿನವರು ಎದ್ದು ನಿಂತು ನೋಡಿದರು. ಟೀಚರು ಒಳದಾರಿ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ದಿನವೂ ಅದೇ ನಡುಬೀದಿ, ಅದೇ ಪಟಪಟ. ಕಡೆಗೆ ತಡೆಯಲಾರದೆ ಪಾರ್ವತಮ್ಮನೇ ಅಡ್ಡ ನಿಂತಳು.

"ಸತ್ತೋಗೈತೆ, ಬಿಸಾಕ್ರಿ ಟೀಚರಮ್ಮ. ಚಿಗುರದಿದ್ರೆ ಏನ್ ಮಾಡ್ತೀರಿ?"

"ಚಿಗುರಲಿ ಅಂತ ಹಿಡಿದಿಲ್ಲ ಪಾರ್ವತಮ್ಮ. ಬಿಸಿಲೈತೆ, ಅದಕ್ಕೆ ಹಿಡಿದೀನಿ."

ಮಳೆ ಹನಿದ ಮೇಲೆ ಬಸರಿಯ ಒಂದು ಮಗ್ಗುಲು ಚಿಗುರಿತು. ಇನ್ನೊಂದು ಒಣಕೊಂಬೆಯಾಗಿಯೇ ಉಳಿಯಿತು. ಒಣಗಿದ್ದನ್ನು ಕತ್ತರಿಸಿದರೆ ಚೆಂದ ಎಂದ ಗೋವಿಂದಪ್ಪ ಮೇಷ್ಟ್ರ ಎದುರಿಗೇ ಟೀಚರು ಕೊಡೆಯನ್ನು ಆ ಒಣಗಿದ ಮಗ್ಗುಲಿಗೆ ವಾಲಿಸಿದರು. ಶಾಲೆ ತೆರೆಯುವ ಅದೇ ವಾರ, ಏಳನೇ ತರಗತಿಯಲ್ಲಿ ಮತ್ತೆ ಮತ್ತೆ ನಪಾಸಾಗಿದ್ದ, ಮುಸುರೆ ತಿಕ್ಕಲು ಹಾಕಿರೆಂದು ನೆಂಟರೆಲ್ಲ ಹೇಳಿದ್ದ ಮಗಳು ಪುಟ್ಟಕ್ಕನನ್ನು ಪಾರ್ವತಮ್ಮ ಕೈಹಿಡಿದು ಎಳೆತಂದು ಟೀಚರ ಬಾಗಿಲಲ್ಲಿ ನಿಲ್ಲಿಸಿದಳು. "ಎಲ್ಲಾರೂ ಕೈಬಿಟ್ಟವ್ರೆ" ಎಂದಷ್ಟೇ ಹೇಳಿ ಸೆರಗನ್ನು ಬಾಯಿಗೊತ್ತಿಕೊಂಡಳು. ಟೀಚರು ತಾಯಿಯ ಕಡೆ ನೋಡದೆ, "ಪುಸ್ತಕ ತಂದೀಯೇನೆ? ಬಾ ಒಳಗೆ" ಎಂದರು.

ಹಸಿರು ಕಂಡ ಮೇಲೆ ನೀರೆರೆಯುವವರು ಊರ ತುಂಬ ಇರುತ್ತಾರೆ. ಬೋಳು ಕಡ್ಡಿಗೆ ನೆರಳು ಹಿಡಿದು, ನಗುವವರ ಎದುರಿನಲ್ಲೇ ಹಾದುಹೋಗುವವರು ಊರಿಗೊಬ್ಬರಿದ್ದರೆ ಹೆಚ್ಚು. ಅವರನ್ನು ನಾವು ಬದುಕಿನುದ್ದಕ್ಕೂ ಹಟಮಾರಿಗಳೆಂದು ಆಡಿಕೊಳ್ಳುತ್ತೇವೆ. ನಮ್ಮ ಮನೆಯ ಕೊಂಬೆ ಒಣಗಿದ ದಿನ ಮಾತ್ರ ಅವರದು ಬಿಟ್ಟು ಬೇರೆ ಯಾರ ಬಾಗಿಲೂ ನೆನಪಾಗುವುದಿಲ್ಲ.